ಶಿಫ್ಟರ್ ಕಾರ್ಟ್ ವರ್ಗಕ್ಕೆ ನ್ಯಾಯವಾದ ನಿಯಮಾವಳಿ ಬರೆಯುವ ಬಗೆ

ಅಮೆರಿಕದ ಸಣ್ಣಪುಟ್ಟ ಕಾರ್ಟಿಂಗ್ ಕ್ಲಬ್ಬುಗಳಲ್ಲಿ, ನಾನು ಕಂಡಂತೆ, ಹೆಚ್ಚು ತಕರಾರು ಹುಟ್ಟುವುದು ಶಿಫ್ಟರ್ ವರ್ಗದಲ್ಲಿಯೇ. ಹಲವು ವರ್ಷಗಳಿಂದ ಅಂಥ ಒಂದು ಕ್ಲಬ್ಬಿನ ತೂಕದ ಮಾಪಕದ ಪಕ್ಕದಲ್ಲಿ ಭಾನುವಾರಗಳನ್ನು ಕಳೆಯುತ್ತ, ತಾಂತ್ರಿಕ ತಪಾಸಣೆಗೆ ಕೈಲಾದ ನೆರವು ನೀಡುತ್ತ ಬಂದಿದ್ದೇನೆ. ಎರಡು ಬಾರಿ ಈ ವರ್ಗದ ನಿಯಮಾವಳಿಯನ್ನು ಬರೆಯುವ ಸಮಿತಿಯಲ್ಲಿಯೂ ಕುಳಿತಿದ್ದೇನೆ. ಇಲ್ಲಿ ಬರೆಯುತ್ತಿರುವುದು ಆ ಅನುಭವದಿಂದ ಕಲಿತದ್ದು. ಇಲ್ಲಿ ನೆಲೆಸಿ ಕಾರ್ಟಿಂಗ್ ಹವ್ಯಾಸಕ್ಕೆ ಬಿದ್ದಿರುವ ಕನ್ನಡಿಗರಿಗೂ, ಮುಂದೊಂದು ದಿನ ನಮ್ಮ ನಾಡಿನಲ್ಲಿಯೂ ಗೇರ್ ಇರುವ ಕಾರ್ಟುಗಳ ವರ್ಗವೊಂದನ್ನು ಕಟ್ಟಬೇಕೆಂದು ಬಯಸುವವರಿಗೂ ಇದು ಉಪಯೋಗವಾದೀತು.

ಶಿಫ್ಟರ್ ಕಾರ್ಟ್ ಎಂದರೆ ಏನೆಂದು ಒಂದೆರಡು ಮಾತು. ಮಾಲ್‌ಗಳ ಪಕ್ಕದಲ್ಲಿ ಬಾಡಿಗೆಗೆ ಸಿಗುವ ಕಾರ್ಟುಗಳಿಗೂ ಇದಕ್ಕೂ ಸಂಬಂಧವೇ ಇಲ್ಲ ಎನ್ನಬಹುದು. ನೀರಿನಿಂದ ತಣಿಯುವ, ಹೆಚ್ಚಾಗಿ 125 ಸಿ.ಸಿ.ಯ ಒಂಟಿ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್, ಸಾಮಾನ್ಯವಾಗಿ ಆರು ಗೇರುಗಳು, ನಾಲ್ಕೂ ಚಕ್ರಗಳಿಗೆ ಬ್ರೇಕು, ಸ್ಟೀರಿಂಗಿನ ಪಕ್ಕದಲ್ಲಿ ಕೈಯಿಂದ ಎಳೆದು ತಳ್ಳುವ ಗೇರ್ ಸನ್ನೆಕೋಲು, ಮತ್ತು ಬಹುಮಟ್ಟಿಗೆ ಹೊರಡುವಾಗ ಮಾತ್ರ ಬಳಸುವ ಕೈ ಕ್ಲಚ್ಚು: ಇವಿಷ್ಟು ಸೇರಿದರೆ ಶಿಫ್ಟರ್. ನೆಲದಿಂದ ನಾಲ್ಕು ಬೆರಳು ಮೇಲೆ ಕುಳಿತು ಒಂದು ಸುತ್ತಿನಲ್ಲಿ ಹತ್ತಾರು ಬಾರಿ ಗೇರು ಬದಲಿಸುವ ಚಾಲಕನಿಗೆ ಉಸಿರಾಡಲು ಬಿಡುವಿರುವುದಿಲ್ಲ. ವೇಗ ಹೆಚ್ಚು, ಖರ್ಚು ಅದಕ್ಕಿಂತ ಹೆಚ್ಚು, ಎಂಜಿನ್ನಿನ ಒಳಗೆ ಕೈಯಾಡಿಸುವ ಆಸೆ ಎಲ್ಲಕ್ಕಿಂತ ಹೆಚ್ಚು. ಆದ್ದರಿಂದಲೇ ಇಲ್ಲಿ ನಿಯಮಾವಳಿಯ ಒಂದೊಂದು ಪದಕ್ಕೂ ಬೆಲೆ ಇದೆ.

ಎಲ್ಲಕ್ಕೂ ಮೊದಲು ಒಂದು ಮಾತನ್ನು ಸಮಿತಿಯವರೆಲ್ಲ ಒಪ್ಪಿಕೊಳ್ಳಬೇಕು. ನಿಮ್ಮ ಕ್ಲಬ್ಬಿನ ಇಬ್ಬರು ಸ್ವಯಂಸೇವಕರು, ತಮ್ಮ ಬಳಿ ಇರುವ ಉಪಕರಣಗಳಿಂದ, ಒಂದು ರೇಸ್ ದಿನದ ಸಂಜೆ ಕತ್ತಲಾಗುವುದರೊಳಗೆ ಪರೀಕ್ಷಿಸಲಾಗದ ನಿಯಮವನ್ನು ಬರೆಯಲೇಬಾರದು. ಪರೀಕ್ಷೆಯಿಲ್ಲದ ನಿಯಮವನ್ನು ಪ್ರಾಮಾಣಿಕನು ಪಾಲಿಸುತ್ತಾನೆ, ಪಾಲಿಸದವನು ಗೆಲ್ಲುತ್ತಾನೆ. ಹೀಗೆ ಕಾಗದದ ಮೇಲೆ ನ್ಯಾಯವಾಗಿ ಕಂಡ ಸಾಲು ಟ್ರ್ಯಾಕಿನ ಮೇಲೆ ಅನ್ಯಾಯಕ್ಕೆ ಕಾರಣವಾಗುತ್ತದೆ. ಕರಡಿನ ಪ್ರತಿಯೊಂದು ಸಾಲಿನ ಎದುರಿಗೂ ‘ಇದನ್ನು ಯಾರು, ಯಾವಾಗ, ಯಾವುದರಿಂದ ಅಳೆಯುತ್ತಾರೆ?’ ಎಂಬ ಪ್ರಶ್ನೆಯನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡು, ಉತ್ತರ ಸಿಗದ ಸಾಲುಗಳನ್ನು ಹೊಡೆದುಹಾಕಿ. ನಮ್ಮ ಮೊದಲ ಕರಡಿನ ಮೂರನೆಯ ಒಂದು ಭಾಗ ಹೀಗೆಯೇ ಹೋಯಿತು. ಅದರಿಂದ ಯಾರಿಗೂ ನಷ್ಟವಾಗಲಿಲ್ಲ.

ಎಂಜಿನ್ ಯಾವುದು?

ಶಿಫ್ಟರ್ ವರ್ಗದ ಕಷ್ಟವೆಲ್ಲ ಇಲ್ಲಿಂದಲೇ ಶುರುವಾಗುತ್ತದೆ. ಅಮೆರಿಕದಲ್ಲಿ ಈ ವರ್ಗ ಬೆಳೆದದ್ದು ಮಣ್ಣಿನ ಹಾದಿಯಲ್ಲಿ ಓಡುವ ಮೋಟೋಕ್ರಾಸ್ ಬೈಕುಗಳಿಂದ ಕಳಚಿ ತಂದ ಎಂಜಿನ್ನುಗಳ ಮೇಲೆ. ಅವುಗಳಲ್ಲಿ ಹೋಂಡಾ ಸಿಆರ್125 ಎಲ್ಲಕ್ಕಿಂತ ಜನಪ್ರಿಯ. ಯುರೋಪಿನಲ್ಲಿ ಮಾತ್ರ ಟಿಎಂ, ವೋರ್ಟೆಕ್ಸ್ ಮೊದಲಾದ ಇಟಲಿಯ ತಯಾರಕರು ಕಾರ್ಟಿಗೆಂದೇ ಗೇರ್‌ಬಾಕ್ಸ್ ಸಹಿತ ಎಂಜಿನ್ನುಗಳನ್ನು ಕಟ್ಟುತ್ತ ಬಂದರು. ಕಾರ್ಟಿಂಗಿನ ಅಂತರರಾಷ್ಟ್ರೀಯ ಸಂಸ್ಥೆಯಾದ ಸಿಐಕೆ-ಎಫ್ಐಎ ಆ ವರ್ಗವನ್ನು 2007ರಿಂದ ಕೆಝಡ್ ಎಂದು ಕರೆಯುತ್ತದೆ. ಇವೆರಡರ ಜೊತೆಗೆ ಐಎಎಂಇ ಕಂಪನಿಯ 175 ಸಿ.ಸಿ. ಎಂಜಿನ್, ವೋರ್ಟೆಕ್ಸ್‌ನ ರಾಕ್ ಶಿಫ್ಟರ್ ಹೀಗೆ ಒಂದೇ ಮಾದರಿಯ ಎಂಜಿನ್ನಿಗೆ ಮೀಸಲಾದ ಸರಣಿಗಳೂ ಬಂದಿವೆ. ನಿಮ್ಮ ಕ್ಲಬ್ಬಿನ ಸದಸ್ಯರ ಗ್ಯಾರೇಜುಗಳಲ್ಲಿ ಇವೆಲ್ಲವೂ ಒಂದೊಂದು ಎರಡೆರಡು ಇರುತ್ತವೆ. ಎಲ್ಲರನ್ನೂ ಒಂದೇ ಗ್ರಿಡ್‌ನಲ್ಲಿ, ಎಂದರೆ ಹೊರಡುವ ಒಂದೇ ಸಾಲುಗಟ್ಟಿನಲ್ಲಿ, ಓಡಿಸಿದರೆ ಗ್ರಿಡ್ ತುಂಬುತ್ತದೆ ಎಂಬ ಆಸೆ ಸಹಜ.

ಈ ಆಸೆಗೆ ಬಿದ್ದು ನಮ್ಮ ಕ್ಲಬ್ ಒಂದು ವರ್ಷ ಹೋಂಡಾ ಮತ್ತು ಕೆಝಡ್ ಎರಡನ್ನೂ ಒಂದೇ ತೂಕಕ್ಕೆ, ಒಂದೇ ಅಂಕಪಟ್ಟಿಗೆ ಸೇರಿಸಿತು. ಮೊದಲ ರೇಸಿಗೆ ಗ್ರಿಡ್ ನಿಜಕ್ಕೂ ತುಂಬಿತು. ಆದರೆ ನೇರ ದಾರಿಯ ಕೊನೆಯಲ್ಲಿ ಕೆಝಡ್‌ಗಳು ಹೋಂಡಾಗಳನ್ನು ದಾಟಿಕೊಂಡು ಹೋಗುವುದನ್ನು ಪ್ರತಿ ವಾರ ನೋಡಬೇಕಾಯಿತು. ಹಳೆಯ ಹೋಂಡಾ ಇಟ್ಟುಕೊಂಡಿದ್ದ ಸದಸ್ಯರು, ಅವರಲ್ಲಿ ಕೆಲವರು ಕ್ಲಬ್ ಹುಟ್ಟಿದಂದಿನಿಂದ ಇದ್ದವರು, ಜಗಳವನ್ನೂ ಆಡದೆ ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಸೀಸನ್ನಿನ ಕೊನೆಗೆ ಉಳಿದ ಗ್ರಿಡ್ ಮೊದಲಿಗಿಂತ ಸಣ್ಣದಾಗಿತ್ತು.

ತೂಕ ಹೇರಿ ಎರಡನ್ನೂ ಸಮ ಮಾಡಬಾರದೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಲೆಕ್ಕ ಹಾಕಿ ತೋರಿಸಿ. ಒಂದು ಎಂಜಿನ್ 40 ಅಶ್ವಶಕ್ತಿಯದು, ಆ ಕಾರ್ಟ್ ಚಾಲಕನ ಸಮೇತ 175 ಕಿಲೋ ಎಂದುಕೊಳ್ಳಿ. ಅಂದರೆ ಒಂದು ಅಶ್ವಶಕ್ತಿಗೆ 4.375 ಕಿಲೋ. ಇನ್ನೊಂದು 46 ಅಶ್ವಶಕ್ತಿಯದಾದರೆ ಅದೇ ಅನುಪಾತ ಬರಲು ಅದು 201 ಕಿಲೋ ತೂಗಬೇಕು, ಎಂದರೆ 26 ಕಿಲೋ ಸೀಸ ಹೊರಬೇಕು. ಇಷ್ಟು ಹೇರಿದರೆ ನೇರ ದಾರಿಯಲ್ಲಿ ವೇಗ ಸಮವಾದೀತು. ಆದರೆ ಆ ಕಾರ್ಟ್ ತಿರುವಿನಲ್ಲಿ ಟೈರನ್ನು ಅರೆಯುತ್ತದೆ, ಬ್ರೇಕಿಗೆ ತಡವಾಗಿ ನಿಲ್ಲುತ್ತದೆ, ಡಿಕ್ಕಿಯಾದರೆ ಹೆಚ್ಚು ಜೋರಾಗಿ ಗುದ್ದುತ್ತದೆ. ಉದ್ದ ನೇರ ದಾರಿಯ ಟ್ರ್ಯಾಕಿನಲ್ಲಿ ಸರಿಹೊಂದಿದ ಅಂಕೆ ಸುತ್ತುಬಳಸಿನ ಟ್ರ್ಯಾಕಿನಲ್ಲಿ ತಲೆಕೆಳಗಾಗುತ್ತದೆ. ಆದ್ದರಿಂದ ಸಣ್ಣ ವ್ಯತ್ಯಾಸವನ್ನು, ಐದಾರು ಕಿಲೋಗಳ ಒಳಗಿನದನ್ನು, ಮಾತ್ರ ತೂಕದಿಂದ ಸರಿದೂಗಿಸಿ. ಅದಕ್ಕಿಂತ ದೊಡ್ಡ ಅಂತರವಿದ್ದರೆ ಎಲ್ಲರನ್ನೂ ಒಂದೇ ಓಟದಲ್ಲಿ ಬಿಟ್ಟರೂ ಅಂಕಪಟ್ಟಿಯನ್ನೂ ಬಹುಮಾನವನ್ನೂ ಬೇರೆ ಬೇರೆ ಇಡಿ; ವೇಗದವರ ಗುಂಪನ್ನು ಮುಂದೆ ನಿಲ್ಲಿಸಿ, ನಿಧಾನದವರನ್ನು ಕೆಲವು ಸೆಕೆಂಡು ಬಿಟ್ಟು ಪ್ರತ್ಯೇಕ ದೀಪಕ್ಕೆ ಹೊರಡಿಸಿ. ಹೋಂಡಾದವನಿಗೆ ಹೋಂಡಾದವನೇ ಎದುರಾಳಿ ಎಂದು ಖಚಿತವಾದ ಮೇಲೆ ನಮ್ಮಲ್ಲಿ ಹೋದವರಲ್ಲಿ ಹಲವರು ಮರಳಿ ಬಂದರು.

ಹೊಸದಾಗಿ ವರ್ಗ ಕಟ್ಟುವವರು ಒಂದೇ ಮಾದರಿಯ ಎಂಜಿನ್ ಆರಿಸುವುದು ಲೇಸು. ಆರಿಸುವಾಗ ಇಂದಿನ ಬೆಲೆಗಿಂತ ಬಿಡಿಭಾಗಗಳ ನಾಳೆಯನ್ನು ನೋಡಿ. ಹೋಂಡಾ ಸಿಆರ್125ಆರ್ ಬೈಕಿನ ತಯಾರಿಕೆ 2007ರ ಮಾದರಿಯೊಂದಿಗೆ ನಿಂತಿತು. 1997ರಿಂದ ಲಾಸ್ ವೇಗಸ್‌ನಲ್ಲಿ ಸೂಪರ್‌ನ್ಯಾಷನಲ್ಸ್ ಎಂಬ ದೊಡ್ಡ ಕಾರ್ಟ್ ಸ್ಪರ್ಧೆಯನ್ನು ನಡೆಸುತ್ತ ಬಂದಿರುವ ಸೂಪರ್‌ಕಾರ್ಟ್ಸ್ ಯುಎಸ್ಎ ಸಂಸ್ಥೆಯೂ ಬಹುಕಾಲ ಹೋಂಡಾವನ್ನು ನಂಬಿಕೊಂಡಿದ್ದು ಆಮೇಲೆ ಐಎಎಂಇ 175ರತ್ತ ಹೊರಳಿತು. ದೊಡ್ಡ ಸರಣಿಯೊಂದು ಎಂಜಿನ್ ಬದಲಿಸಿದಾಗ ಸಣ್ಣ ಕ್ಲಬ್ಬುಗಳು ಮರುದಿನವೇ ಹಿಂಬಾಲಿಸಬೇಕಾಗಿಲ್ಲ. ‘ಈ ಎಂಜಿನ್ ಕನಿಷ್ಠ ಇಷ್ಟು ಸೀಸನ್ ನಮ್ಮಲ್ಲಿ ಮಾನ್ಯ’ ಎಂದು ಬರವಣಿಗೆಯಲ್ಲಿ ಮಾತು ಕೊಡುವ ಕ್ಲಬ್ಬಿಗೆ, ಸಾಲ ಮಾಡಿ ಕಾರ್ಟ್ ಕೊಂಡವನು ಧೈರ್ಯವಾಗಿ ಬರುತ್ತಾನೆ. ಮೂರು ಸೀಸನ್ ಒಳ್ಳೆಯ ಅವಧಿ ಎಂಬುದು ನನ್ನ ಅಭಿಪ್ರಾಯ.

ಎಂಜಿನ್ನಿಗೆ ಮೊಹರು ಹಾಕುವ ಪದ್ಧತಿಯೂ ಇದೆ. ಬೆಂಗಳೂರಿನ ಮೆಕೊ ಕಾರ್ಟೋಪಿಯಾ ಟ್ರ್ಯಾಕಿನಂಥ ಕಡೆ, ರೋಟಾಕ್ಸ್ ಕಂಪನಿಯ ಎಂಜಿನ್ನುಗಳಿಗೇ ಮೀಸಲಾದ ರೋಟಾಕ್ಸ್ ಮ್ಯಾಕ್ಸ್ ರೇಸುಗಳನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ: ಅಧಿಕೃತ ಸರ್ವೀಸ್ ಕೇಂದ್ರದವರು ಎಂಜಿನ್ ಬಿಚ್ಚಿ ಅಳೆದು, ಅಂಕೆಯುಳ್ಳ ಮೊಹರು ಹಾಕಿ, ಅದನ್ನು ಎಂಜಿನ್ನಿನ ಪುಸ್ತಿಕೆಯಲ್ಲಿ ನಮೂದಿಸುತ್ತಾರೆ. ಒಂದೇ ತಯಾರಕನಿರುವ ಕಡೆ ಇದು ಚೆನ್ನಾಗಿ ನಡೆಯುತ್ತದೆ. ಪಿಸ್ಟನ್ನನ್ನು ಪದೇ ಪದೇ ಬದಲಿಸಬೇಕಾದ ಶಿಫ್ಟರ್ ಎಂಜಿನ್ನಿಗೆ, ಹತ್ತಿರದಲ್ಲಿ ಸರ್ವೀಸ್ ಕೇಂದ್ರವಿಲ್ಲದ ಊರಿನಲ್ಲಿ, ಇದು ಸದಸ್ಯರಿಗೆ ಹೊರೆಯಾಗುತ್ತದೆ. ಇನ್ನು ಗೆದ್ದವನ ಎಂಜಿನ್ನನ್ನು ಗೊತ್ತುಪಡಿಸಿದ ಬೆಲೆಗೆ ಯಾರು ಬೇಕಾದರೂ ಕೊಳ್ಳಬಹುದೆಂಬ ನಿಯಮ ಅಗ್ಗದ ಎಂಜಿನ್ನುಗಳ ವರ್ಗಕ್ಕೆ ಮಾತ್ರ ಸರಿ. ಇಲ್ಲಿ ಅದು ದ್ವೇಷಕ್ಕೆ ದಾರಿಯಾಗುತ್ತದೆ, ಬೇಡ.

ತೂಕ

ಕನಿಷ್ಠ ತೂಕವನ್ನು ಬೇರೆಯವರ ಪುಸ್ತಕದಿಂದ ನಕಲು ಮಾಡಬೇಡಿ. ಕೆಝಡ್‌ನ ಉಪವರ್ಗವಾದ ಸಿಐಕೆಯ ಕೆಝಡ್2ರ 175 ಕಿಲೋ, ಅಂದರೆ ಸುಮಾರು 386 ಪೌಂಡ್, ಎಂಬ ಅಂಕೆ ತೆಳ್ಳಗಿನ ವೃತ್ತಿಪರ ಚಾಲಕರನ್ನು ನೋಡಿ ಹುಟ್ಟಿದ್ದು. ನಿಮ್ಮ ಕ್ಲಬ್ಬಿನ ಚಾಲಕರು ವಾರವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುವವರು. ಸೀಸನ್ ಶುರುವಾಗುವ ಮೊದಲು ಒಂದು ಅಭ್ಯಾಸದ ದಿನ ಎಲ್ಲರನ್ನೂ ಹೆಲ್ಮೆಟ್, ಸೂಟು, ಬೂಟುಗಳ ಸಮೇತ ಅವರವರ ಕಾರ್ಟಿನಲ್ಲಿ ಕೂರಿಸಿ, ಸೀಸ ತೆಗೆಸಿ, ತೂಗಿ ಪಟ್ಟಿ ಮಾಡಿ. ಆ ಪಟ್ಟಿಯನ್ನು ಏರಿಕೆಯ ಕ್ರಮದಲ್ಲಿ ಬರೆದು, ನಾಲ್ವರಲ್ಲಿ ಮೂವರು ಸ್ವಲ್ಪವಾದರೂ ಸೀಸ ಹೊರಬೇಕಾಗುವ ಕಡೆ ಗೆರೆ ಎಳೆಯಿರಿ. ಮೇಲಿನ ಕಾಲುಭಾಗದಲ್ಲಿ ಉಳಿದವರಿಗೆ, ಹಾಗೂ ವಯಸ್ಸು 35 ದಾಟಿದವರಿಗೆ, ಇನ್ನೂ ಹೆಚ್ಚು ತೂಕದ ಪ್ರತ್ಯೇಕ ಅಂಕಪಟ್ಟಿಯನ್ನು ತೆರೆಯಬಹುದು. ಗೆರೆಯನ್ನು ತೀರ ಮೇಲಕ್ಕೆ ಒಯ್ದರೆ ಸಣ್ಣ ಮೈಕಟ್ಟಿನ ಯುವಕ ಯುವತಿಯರು ಮೂವತ್ತು ಕಿಲೋ ಸೀಸವನ್ನು ಸೀಟಿಗೆ ಕಟ್ಟಿಕೊಂಡು ಓಡಬೇಕಾಗುತ್ತದೆ. ಸೀಟು ಬಿರುಕು ಬಿಡುವುದು ಅಲ್ಲಿಂದಲೇ.

ಸೀಸ ಕಟ್ಟುವುದು ಸುರಕ್ಷತೆಯ ವಿಷಯ. ಪ್ರತಿ ಗಟ್ಟಿಗೂ ಎರಡು ಬೋಲ್ಟು, ದೊಡ್ಡ ವಾಷರು, ಲಾಕ್ ನಟ್ಟು ಕಡ್ಡಾಯ ಮಾಡಿ. ಗಟ್ಟಿಯ ಮೇಲೆ ಕಾರ್ಟಿನ ನಂಬರನ್ನು ಬಣ್ಣದಲ್ಲಿ ಬರೆಸಿ. ಟ್ರ್ಯಾಕಿನಲ್ಲಿ ಬಿದ್ದ ಗಟ್ಟಿ ಯಾರದೆಂದು ಗೊತ್ತಾದರೆ ಮುಂದಿನ ಸಲ ಬೋಲ್ಟು ತಾನಾಗಿಯೇ ಬಿಗಿಯಾಗುತ್ತದೆ.

ತೂಗುವ ಕ್ರಮವನ್ನು ಬಿಡಿಬಿಡಿಯಾಗಿ ಬರೆಯಿರಿ. ಟ್ರ್ಯಾಕಿನಿಂದ ಇಳಿದ ಕಾರ್ಟ್ ಹಾಗೆಯೇ ಮಾಪಕಕ್ಕೆ ಬರಬೇಕು. ನಡುವೆ ಯಾರೂ ಚಾಲಕನಿಗೆ ನೀರಿನ ಬಾಟಲಿಯನ್ನೂ ಕೊಡಬಾರದು. ಓಟದಲ್ಲಿ ಕಳಚಿಬಿದ್ದ ಭಾಗವನ್ನು ಆಮೇಲೆ ತಂದು ಸೇರಿಸುವಂತಿಲ್ಲ. ಕಡಿಮೆ ತೋರಿಸಿದರೆ ಕಾರ್ಟನ್ನು ಇಳಿಸಿ, ಮಾಪಕವನ್ನು ಸೊನ್ನೆಗೆ ತಂದು, ಮತ್ತೆ ಎರಡು ಬಾರಿ ತೂಗಿ, ಮೂರರಲ್ಲಿ ಚಾಲಕನಿಗೆ ಅನುಕೂಲವಾದ ಅಂಕೆಯನ್ನು ತೆಗೆದುಕೊಳ್ಳಬೇಕು. ಮಾಪಕ ಬೆಳಗಿನಿಂದ ಸಂಜೆಯವರೆಗೆ ಎಲ್ಲರಿಗೂ ತೆರೆದಿರಬೇಕು; ಮನೆಯ ಮಾಪಕ ಏನೇ ಹೇಳಲಿ, ಕ್ಲಬ್ಬಿನ ಮಾಪಕದ ಮಾತೇ ಕೊನೆಯದು.

ಇದಕ್ಕೆ ಮೊದಲು ಮಾಪಕ ಸರಿಯಾಗಿರಬೇಕು ಎಂಬುದನ್ನು ನಾನು ಕಷ್ಟದಿಂದ ಕಲಿತೆ. ಒಂದು ಸಂಜೆ ಎರಡನೆಯವನಾಗಿ ಬಂದ ಹುಡುಗನೊಬ್ಬನ ಕಾರ್ಟ್ ಒಂದು ಪೌಂಡಿನಷ್ಟು ಕಡಿಮೆ ತೂಗಿತು. ಮೂರು ಬಾರಿ ತೂಗಿದರೂ ಅದೇ ಅಂಕೆ. ಅವನನ್ನು ಅನರ್ಹಗೊಳಿಸಿದ ಕಾಗದಕ್ಕೆ ನಾನೇ ಸಹಿ ಹಾಕಿದೆ. ಎಲ್ಲರೂ ಮನೆಗೆ ಹೋದ ಮೇಲೆ ಮಾಪಕವನ್ನು ಎತ್ತಿ ಗಾಡಿಗೆ ಹಾಕುವಾಗ ನೋಡಿದರೆ, ಅದರ ತಟ್ಟೆಯ ಅಂಚಿಗೂ ನೆಲಕ್ಕೂ ನಡುವೆ ಹುಣಸೆ ಬೀಜದ ಗಾತ್ರದ ಜಲ್ಲಿಕಲ್ಲೊಂದು ಸಿಕ್ಕಿಕೊಂಡಿತ್ತು. ಕಾರ್ಟು ಹತ್ತಿದಾಗ ತಟ್ಟೆ ಸ್ವಲ್ಪ ಬಾಗಿ ಆ ಕಲ್ಲಿನ ಮೇಲೆ ಕೂತು, ಭಾರದ ಒಂದು ಪಾಲು ಸಂವೇದಕವನ್ನು ತಲುಪದೆ ನೆಲಕ್ಕೇ ಇಳಿಯುತ್ತಿತ್ತು. ಕಲ್ಲು ತೆಗೆದು, ಸಿಬ್ಬಂದಿಯ ಕಾರ್ಟೊಂದನ್ನು ಮತ್ತೆ ತೂಗಿದಾಗ ಬಂದ ವ್ಯತ್ಯಾಸ ಒಂದು ಪೌಂಡಿಗಿಂತ ಹೆಚ್ಚು. ಮರುದಿನ ಆ ಹುಡುಗನ ಮನೆಗೆ ಫೋನ್ ಮಾಡಿ ಕ್ಷಮೆ ಕೇಳಿ, ಸ್ಥಾನವನ್ನು ಮರಳಿ ಕೊಟ್ಟೆವು. ಆದರೆ ವೇದಿಕೆಯ ಮೇಲೆ ನಿಲ್ಲುವ ಆ ಸಂಜೆಯನ್ನು ಕೊಡಲಾಗಲಿಲ್ಲ. ಅಂದಿನಿಂದ ನಮ್ಮ ನಿಯಮಾವಳಿಯಲ್ಲಿ ತೂಗುವವರಿಗೂ ನಿಯಮವಿದೆ: ಬೆಳಿಗ್ಗೆ, ಮಧ್ಯಾಹ್ನ, ಮತ್ತು ಯಾರನ್ನಾದರೂ ಅನರ್ಹಗೊಳಿಸುವ ಮುನ್ನ, ತೂಕ ಗೊತ್ತಿರುವ ಕಬ್ಬಿಣದ ಗಟ್ಟಿಗಳನ್ನು ತಟ್ಟೆಯ ನಾಲ್ಕು ಮೂಲೆಗಳಲ್ಲಿಯೂ ಇಟ್ಟು ನೋಡಿ, ಅಂಕೆಯನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು.

ಟೈರು ಮತ್ತು ಇಂಧನ

ಒಂದೇ ಕಂಪನಿಯ, ಒಂದೇ ಗಡಸುತನದ ಟೈರನ್ನು ಗೊತ್ತುಪಡಿಸಿ. ಮೆತ್ತನೆಯ ಟೈರು ವೇಗ ಕೊಡುತ್ತದೆ, ಆದರೆ ಶಿಫ್ಟರಿನ ಶಕ್ತಿಗೆ ಒಂದು ದಿನದಲ್ಲಿ ಸವೆಯುತ್ತದೆ. ಕ್ಲಬ್ಬಿಗೆ ಗಟ್ಟಿ ಟೈರೇ ಸರಿ. ಹಣವಿದ್ದವನು ಪ್ರತಿ ರೇಸಿಗೆ ಹೊಸ ಟೈರು ಹಾಕಿಕೊಂಡು ಬಂದರೆ ಉಳಿದ ಎಲ್ಲ ನಿಯಮಗಳೂ ವ್ಯರ್ಥ. ಆದ್ದರಿಂದ ಎರಡು ರೇಸ್ ದಿನಗಳಿಗೆ ಒಂದೇ ಸೆಟ್ ಎಂದು ಬರೆದು, ಅರ್ಹತಾ ಸುತ್ತಿಗೆ ಮೊದಲು ನಾಲ್ಕು ಟೈರುಗಳ ಬದಿಯ ಮೇಲೂ ಗುರುತು ಹಾಕಿ ಸಂಖ್ಯೆ ಬರೆದುಕೊಳ್ಳಿ. ಪಂಕ್ಚರ್ ಆದರೆ ಒಂದು ಹಳೆಯ ಟೈರನ್ನು ತಪಾಸಕರಿಗೆ ತೋರಿಸಿ ಬದಲಿಸಬಹುದು. ರಬ್ಬರನ್ನು ಮೆದುಗೊಳಿಸುವ ರಾಸಾಯನಿಕಗಳ ಬಳಕೆಯನ್ನು ನಿಷೇಧಿಸುವುದಷ್ಟೇ ಸಾಲದು; ಅವು ಟೈರನ್ನು ಮಾತ್ರವಲ್ಲ, ಅದನ್ನು ಮುಚ್ಚಿದ ಗ್ಯಾರೇಜಿನಲ್ಲಿ ಬಳಿಯುವವನ ಆರೋಗ್ಯವನ್ನೂ ಕೆಡಿಸುತ್ತವೆ ಎಂದು ಸಭೆಯಲ್ಲಿ ತಿಳಿಹೇಳಿ. ಗಡಸುತನ ಅಳೆಯುವ ಕೈಮಾಪಕ ದುಬಾರಿಯೇನಲ್ಲ. ಆದರೆ ಬಿಸಿಲಿಗೆ ಟೈರು ತಾನಾಗಿಯೇ ಮೆದುವಾಗುವುದರಿಂದ, ಎರಡನ್ನೂ ಒಂದೇ ನೆರಳಿನಲ್ಲಿ ಇಟ್ಟು ಕ್ಲಬ್ಬಿನ ಸ್ವಂತ ಟೈರಿನೊಂದಿಗೆ ಹೋಲಿಸಿಯೇ ತೀರ್ಮಾನಕ್ಕೆ ಬರಬೇಕು.

ಇಂಧನವನ್ನು ಒಂದೇ ಬಂಕಿನ ಒಂದೇ ಪಂಪಿನಿಂದ ತರಲು ಹೇಳಿ, ಬೆರೆಸುವ ಎಣ್ಣೆಯ ಹೆಸರನ್ನೂ ಗೊತ್ತುಪಡಿಸಿ. ಇಂಧನ ಪರೀಕ್ಷಿಸುವ ವಿದ್ಯುತ್ ಮೀಟರಿನ ಅಂಕೆ ಎಣ್ಣೆಯಿಂದಲೂ ಬದಲಾಗುತ್ತದೆ. ಎಣ್ಣೆಯನ್ನು ಚಾಲಕನ ಇಷ್ಟಕ್ಕೆ ಬಿಟ್ಟರೆ ಆ ಮೀಟರ್ ಇದ್ದೂ ಇಲ್ಲದಂತೆ.

ನಿಯಮದ ಭಾಷೆ ಮತ್ತು ಅಳತೆ

ನಿಯಮಾವಳಿಯ ಮೊದಲ ಸಾಲು ಹೀಗಿರಲಿ: ‘ಮಾಡಬಹುದು ಎಂದು ಇಲ್ಲಿ ಬರೆದಿಲ್ಲದ ಯಾವ ಬದಲಾವಣೆಯನ್ನೂ ಮಾಡುವಂತಿಲ್ಲ.’ ನಿಷೇಧಗಳ ಪಟ್ಟಿ ಬರೆಯಹೊರಟರೆ ಅದಕ್ಕೆ ಕೊನೆಯಿಲ್ಲ. ಅನುಮತಿಗಳ ಪಟ್ಟಿ ಒಂದು ಪುಟಕ್ಕೆ ಮುಗಿಯುತ್ತದೆ. ‘ಕಂಪನಿಯ ಮೂಲ ಭಾಗವಾಗಿರಬೇಕು’ ಎಂದು ಬರೆದು ನಿಲ್ಲಿಸಬೇಡಿ. ಮೂಲ ಭಾಗದ ಮೇಲೆ ಉಜ್ಜುಕಾಗದ ಆಡಿಸಬಹುದೇ, ಅಂಚನ್ನು ತೀಡಬಹುದೇ ಎಂಬ ಪ್ರಶ್ನೆ ಮರುದಿನವೇ ಬರುತ್ತದೆ. ‘ಲೋಹವನ್ನು ತೆಗೆಯುವುದಾಗಲಿ, ಸೇರಿಸುವುದಾಗಲಿ, ಹೊಳಪು ಕೊಡುವುದಾಗಲಿ ಇಲ್ಲ’ ಎಂದರೆ ಗೊಂದಲವಿಲ್ಲ.

ಗೇರಿನ ವಿಷಯದಲ್ಲಿ ಸಿಐಕೆಯ ನಿಯಮವನ್ನು ಹಾಗೆಯೇ ತೆಗೆದುಕೊಳ್ಳಬಹುದು: ಗೇರು ಬದಲಿಸುವುದು ಕೈಯಿಂದ, ಪೂರ್ತಿ ಯಾಂತ್ರಿಕ ಸಂಪರ್ಕದ ಮೂಲಕವೇ ಆಗಬೇಕು, ಬದಲಿಸುವ ಕ್ಷಣದಲ್ಲಿ ಇಗ್ನಿಷನ್ ಕಡಿಯುವ ಸಾಧನ ಇರಕೂಡದು. ಇದನ್ನು ಅಳೆಯುವ ಕೆಲಸವೂ ಸುಲಭ, ಏಕೆಂದರೆ ಗೇರ್ ಸನ್ನೆಕೋಲಿಗೆ ವೈರು ಹೋಗಿದೆಯೇ ಎಂದು ಕಣ್ಣಿನಿಂದಲೇ ನೋಡಬಹುದು. ಕೆಝಡ್‌ಗಳ ಕಾರ್ಬ್ಯುರೇಟರಿನ ಗಂಟಲು 30 ಮಿ.ಮೀ. ಮೀರಬಾರದು. ಅದಕ್ಕಿಂತ ಕೂದಲೆಳೆಯಷ್ಟು ದಪ್ಪವಾದ ಒಂದು ಉಕ್ಕಿನ ಗುಂಡುಕಡ್ಡಿಯನ್ನು ಲೇತಿನಲ್ಲಿ ಮಾಡಿಸಿಟ್ಟುಕೊಳ್ಳಿ. ಕಡ್ಡಿ ದಾಟದಿದ್ದರೆ ಸರಿ, ದಾಟಿದರೆ ತಪ್ಪು. ಇಂಥ ಕಡ್ಡಿಯೊಂದಿಗೆ ಯಾರೂ ವಾದಿಸುವುದಿಲ್ಲ.

ಮೈಕ್ರೋಮೀಟರಿನ ವಿಷಯ ಹಾಗಲ್ಲ. ಸಿಆರ್125 ಎಂಜಿನ್ನಿನ ಸಿಲಿಂಡರಿನ ವ್ಯಾಸ 54 ಮಿ.ಮೀ., ಪಿಸ್ಟನ್ನಿನ ಓಟ 54.5 ಮಿ.ಮೀ.; ಇವುಗಳಿಂದ ಗಾತ್ರದ ಲೆಕ್ಕ ಹಾಕಿದರೆ 124.8 ಸಿ.ಸಿ. 125ರ ಗಡಿಗೆ ಉಳಿಯುವುದು ಬಹಳ ಕಡಿಮೆ. ಈಗ ಓಟ ಮುಗಿಸಿ ಬಂದ ಎಂಜಿನ್ನಿನ ತಲೆಯನ್ನು ಅವಸರದಲ್ಲಿ ಬಿಚ್ಚಿ ಅಳೆದಿರಿ ಎನ್ನಿ. ಅಲ್ಯುಮಿನಿಯಂ ಸಿಲಿಂಡರು ಹೊರಗಿನ ಗಾಳಿಗಿಂತ 60 ಡಿಗ್ರಿ ಬಿಸಿಯಾಗಿದ್ದರೆ ಅದರ ವ್ಯಾಸ ಸುಮಾರು 0.07 ಮಿ.ಮೀ. ಹಿಗ್ಗಿರುತ್ತದೆ, ಲೆಕ್ಕ 125.1 ಸಿ.ಸಿ. ದಾಟುತ್ತದೆ, ಮತ್ತು ಯಾವ ತಪ್ಪನ್ನೂ ಮಾಡದ ಚಾಲಕ ಕಳ್ಳನೆನಿಸುತ್ತಾನೆ. ‘ಎಂಜಿನ್ ಕೈಮುಟ್ಟುವಷ್ಟು ಮಾತ್ರವಲ್ಲ, ಸುತ್ತಲಿನ ಗಾಳಿಯಷ್ಟೇ ತಣ್ಣಗಾದ ಮೇಲೆ ಅಳೆಯತಕ್ಕದ್ದು’ ಎಂದು ಬರೆದು, ಅಲ್ಲಿಯವರೆಗೆ ಎಂಜಿನ್ನನ್ನು ತಪಾಸಕರ ಕಣ್ಣೆದುರಿಗೇ ಇರಿಸಿ.

ದಹನ ಕೋಶದ ಗಾತ್ರ ಅಳೆಯುವುದಕ್ಕೂ ಇಷ್ಟೇ ತಾಳ್ಮೆ ಬೇಕು. ಪಿಸ್ಟನ್ನನ್ನು ಮೇಲಿನ ತುದಿಗೆ ತಂದು, ಸ್ಪಾರ್ಕ್ ಪ್ಲಗ್ ಇದ್ದ ರಂಧ್ರದ ಮೂಲಕ ಬ್ಯೂರೆಟ್ಟಿನಿಂದ ತೆಳುವಾದ ಎಣ್ಣೆಯನ್ನು ತುಂಬಿ, ಎಷ್ಟು ಸಿ.ಸಿ. ಹಿಡಿಯಿತೆಂದು ನೋಡುವ ಪದ್ಧತಿ ಇದು. ಕಡಿಮೆ ಹಿಡಿದರೆ ಕಂಪ್ರೆಷನ್ ಹೆಚ್ಚಿದೆ ಎಂದರ್ಥ. ಪ್ಲಗ್ಗಿನ ರಂಧ್ರವೇ ಎಲ್ಲಕ್ಕಿಂತ ಮೇಲೆ ಬರುವಂತೆ ಎಂಜಿನ್ನನ್ನು ಓರೆ ಮಾಡದಿದ್ದರೆ ಒಳಗೆ ಗಾಳಿಗುಳ್ಳೆ ಉಳಿದು, ಇಲ್ಲದ ತಪ್ಪು ಕಾಣಿಸುತ್ತದೆ. ನಿಧಾನ ಮಾಡಿದರೆ ಎಣ್ಣೆ ರಿಂಗುಗಳ ಪಕ್ಕದಲ್ಲಿ ಇಳಿದು, ಇರುವ ತಪ್ಪು ಮರೆಯಾಗುತ್ತದೆ. ಅದಕ್ಕೆ ಪಿಸ್ಟನ್ನಿನ ಅಂಚಿಗೆ ಮೊದಲೇ ಗ್ರೀಸು ಸವರಬೇಕು. ಇವೆಲ್ಲವನ್ನೂ ನಿಯಮಾವಳಿಯ ಅನುಬಂಧದಲ್ಲಿ ಬರೆದು, ಸೀಸನ್ನಿನ ಮೊದಲ ದಿನ ಎಲ್ಲರ ಎದುರಿಗೆ ಒಮ್ಮೆ ಮಾಡಿ ತೋರಿಸಿ.

ಯಾರ ಎಂಜಿನ್ ಬಿಚ್ಚಬೇಕೆಂಬುದನ್ನು ತಪಾಸಕರ ಅನುಮಾನಕ್ಕೆ ಬಿಡಬೇಡಿ. ಮೊದಲ ಮೂವರು, ಜೊತೆಗೆ ಉಳಿದವರಲ್ಲಿ ಚೀಟಿ ಎತ್ತಿ ಆರಿಸಿದ ಒಬ್ಬರು. ಪ್ರತಿ ಸಲವೂ ಯಾವುದಾದರೂ ಒಂದೇ ಭಾಗದ ಪರೀಕ್ಷೆ, ಆ ಭಾಗವನ್ನೂ ಚೀಟಿಯಿಂದಲೇ ಆರಿಸುವುದು. ಹೀಗೆ ಮಾಡಿದರೆ ಒಂದು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ, ಹತ್ತನೆಯ ಸ್ಥಾನದವನಿಗೂ ಸಣ್ಣ ಎಚ್ಚರ ಇರುತ್ತದೆ. ತನ್ನ ಮಗನೋ ಮಗಳೋ ಓಡುವ ವರ್ಗದ ತಪಾಸಣೆಗೆ ತಂದೆತಾಯಿಯರು ಕೈ ಹಾಕಬಾರದು. ಸಣ್ಣ ಕ್ಲಬ್ಬಿನಲ್ಲಿ ಇದು ಕಷ್ಟವೆಂದು ಗೊತ್ತು. ಬೇರೆ ವರ್ಗದವರಿಂದ ಶಿಫ್ಟರಿನವರ ತಪಾಸಣೆ, ಶಿಫ್ಟರಿನವರಿಂದ ಅವರ ತಪಾಸಣೆ ಎಂದು ಕೊಟ್ಟು ತೆಗೆದುಕೊಂಡರೆ ಸಾಧ್ಯವಾಗುತ್ತದೆ.

ಹೊರಡುವಾಗ

ಗೇರಿಲ್ಲದ ಕಾರ್ಟುಗಳು ಉರುಳುತ್ತಲೇ ಓಟ ಶುರುಮಾಡುತ್ತವೆ. ಶಿಫ್ಟರುಗಳು ನಿಂತಲ್ಲಿಂದ ಹೊರಡುತ್ತವೆ. ದೀಪ ಆರುವ ಮುಂಚಿನ ಆ ಮೂರು ನಾಲ್ಕು ಸೆಕೆಂಡುಗಳಲ್ಲಿ ಇಡೀ ಗ್ರಿಡ್ ಕಿವಿಗಡಚಿಕ್ಕುವಂತೆ ಕೂಗುತ್ತಿರುತ್ತದೆ, ಸುಟ್ಟ ಕ್ಲಚ್ಚಿನ ವಾಸನೆಯೂ ನೀಲಿ ಹೊಗೆಯೂ ಕವಿದು ಹಿಂದಿನ ಸಾಲಿನವರಿಗೆ ಮುಂದಿನವರ ಬೆನ್ನೇ ಕಾಣುವುದಿಲ್ಲ. ಅಂಥ ಹೊತ್ತಿನಲ್ಲಿ ಒಬ್ಬನ ಎಂಜಿನ್ ನಿಂತುಹೋದರೆ ಹಿಂದಿನಿಂದ ಬರುವವನು ನೇರವಾಗಿ ಅವನ ಬೆನ್ನಿಗೆ ಬಂದು ಗುದ್ದಬಹುದು. ಈ ವರ್ಗದಲ್ಲಿ ನನಗೆ ಅತಿ ಹೆಚ್ಚು ಭಯವಿರುವುದು ಈ ಕ್ಷಣದ ಬಗ್ಗೆಯೇ. ಆದ್ದರಿಂದ ಇಲ್ಲಿ ನಿಯಮ ಕಠಿಣವಾಗಿರಲಿ. ಸಾಲುಗಳ ನಡುವಿನ ಅಂತರವನ್ನು ಜಾಗ ಇದ್ದಷ್ಟೂ ಹೆಚ್ಚಿಸಿ, ಎರಡು ಬದಿಯ ಕಾರ್ಟುಗಳು ಒಂದಕ್ಕೊಂದು ಓರೆಯಾಗಿ ನಿಲ್ಲುವಂತೆ ಚೌಕಗಳನ್ನು ಬಳಿಯಿರಿ. ಎಂಜಿನ್ ನಿಂತವನು ಎರಡೂ ಕೈಗಳನ್ನು ಮೇಲೆತ್ತಬೇಕು, ದೀಪ ಆರುವವರೆಗೂ ಇಳಿಸಬಾರದು, ಕಾರ್ಟಿನಿಂದ ಇಳಿಯಲೂ ಬಾರದು. ಕೈ ಕಂಡ ಕೂಡಲೇ ಅಧಿಕಾರಿ ಹಳದಿ ಬಾವುಟ ಎತ್ತಿ ಹೊರಡುವುದನ್ನು ತಡೆಯಬೇಕು. ಮತ್ತೆ ಹೊರಡುವಾಗ ಅವನು ಕೊನೆಯ ಸಾಲಿಗೆ ಹೋಗಬೇಕು. ಸ್ಥಾನ ಕಳೆದುಕೊಳ್ಳುವ ಭಯಕ್ಕೆ ಯಾರೂ ಕೈ ಎತ್ತದೆ ಕೂರಬಾರದಾದ್ದರಿಂದ, ಕೈ ಎತ್ತದೆ ಸಿಕ್ಕಿಬಿದ್ದವನಿಗೆ ಆ ಇಡೀ ಓಟದಿಂದಲೇ ಹೊರಗೆ ಎಂದು ಬರೆಯಿರಿ.

ದೀಪಕ್ಕೆ ಮೊದಲೇ ಚೌಕದಿಂದ ಚಕ್ರ ಹೊರಬಂದರೆ ಸೆಕೆಂಡುಗಳ ದಂಡ ಹಾಕಿ. ಎಷ್ಟು ಎಂಬುದನ್ನು ಮೊದಲೇ ಅಚ್ಚು ಮಾಡಿ. ಚಾಲಕರಿಗೆ ಸಿಟ್ಟು ಬರುವುದು ದಂಡದ ಗಾತ್ರಕ್ಕಲ್ಲ, ಕಳೆದ ತಿಂಗಳು ಇನ್ನೊಬ್ಬನಿಗೆ ಬೇರೆ ದಂಡ ಬಿದ್ದಿತ್ತು ಎಂಬುದಕ್ಕೆ.

ಡಿಕ್ಕಿ, ದೂರು, ಅಂಕ

ಒತ್ತಿದರೆ ಒಳಸರಿಯುವ ಮುಂಬಂಪರಿನ ಕ್ಲಿಪ್ಪುಗಳನ್ನು ಸಿಐಕೆ 2015ರಲ್ಲಿ ಜಾರಿಗೆ ತಂದಿತು. ಮುಂದಿನವನನ್ನು ಗುದ್ದಿದರೆ ಬಂಪರ್ ತನ್ನ ಸ್ಥಾನದಿಂದ ಕೆಳಗಿಳಿಯುತ್ತದೆ, ಓಟದ ಕೊನೆಗೆ ಅದು ಇಳಿದಿದ್ದರೆ ಸಮಯದ ದಂಡ ಬೀಳುತ್ತದೆ. ಮಾರ್ಷಲ್‌ಗಳು ಕಡಿಮೆ ಇರುವ ಕ್ಲಬ್ಬಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಒಂದು ತೊಡಕು ಇದೆ: ಹಿಂದಿನಿಂದ ಗುದ್ದಿಸಿಕೊಂಡು ಮುಂದಿನವನಿಗೆ ತಾಗಿದವನ ಬಂಪರೂ ಇಳಿಯುತ್ತದೆ. ಮೊದಲ ಸುತ್ತಿನ ಗುಂಪಿನ ಡಿಕ್ಕಿಯನ್ನು ಮಾತ್ರ ವಿಡಿಯೊ ನೋಡಿ ಮನ್ನಿಸುವ ಅಧಿಕಾರವನ್ನು ಮುಖ್ಯ ಅಧಿಕಾರಿಗೆ ಕೊಡಿ. ಉಳಿದಂತೆ ಯಾರ ವಾದವನ್ನೂ ಕೇಳದೆ ದಂಡ ಅನ್ವಯವಾಗಲಿ.

ದೂರನ್ನು ಬರವಣಿಗೆಯಲ್ಲಿ, ಫಲಿತಾಂಶ ಅಂಟಿಸಿದ ಅರ್ಧ ಗಂಟೆಯೊಳಗೆ, ಯಾವ ನಿಯಮದ ಯಾವ ಸಂಖ್ಯೆ ಎಂಬುದನ್ನು ನಮೂದಿಸಿ, ಸಣ್ಣ ಶುಲ್ಕದೊಂದಿಗೆ ಕೊಡಬೇಕು. ದೂರು ನಿಜವಾದರೆ ಶುಲ್ಕ ವಾಪಸ್ಸು. ಎಂಜಿನ್ ಬಿಚ್ಚಿಸುವ ದೂರಾದರೆ, ಸುಳ್ಳೆಂದು ಕಂಡಾಗ ಹೊಸ ಗ್ಯಾಸ್ಕೆಟ್ಟಿನ ಖರ್ಚನ್ನು ದೂರುದಾರನೇ ಎದುರಾಳಿಗೆ ಕೊಡಬೇಕು. ಸಂಜೆಯೇ ಉತ್ತರ ಕೊಟ್ಟು, ಕಾರಣವನ್ನು ಎರಡು ಸಾಲಿನಲ್ಲಿ ಬರೆದು ಅಂಟಿಸಿ.

ಅಂಕಪಟ್ಟಿಯಲ್ಲಿ ಸೀಸನ್ನಿನ ಕೆಟ್ಟ ಒಂದೆರಡು ದಿನಗಳನ್ನು ಬಿಟ್ಟುಬಿಡಲು ಅವಕಾಶವಿರಲಿ. ಕೆಲಸದ ಮೇಲೆ ಊರಾಚೆ ಹೋದವನು, ಮನೆಯಲ್ಲಿ ಕಾಯಿಲೆಯಾದವನು ಅಷ್ಟಕ್ಕೇ ಸ್ಪರ್ಧೆಯಿಂದ ಹೊರಬೀಳಬಾರದು. ಆದರೆ ತಾಂತ್ರಿಕ ತಪ್ಪಿಗೆ ಅನರ್ಹನಾದ ದಿನವನ್ನು ಬಿಡುವಂತಿಲ್ಲ. ಆ ಸೊನ್ನೆ ಪಟ್ಟಿಯಲ್ಲಿ ಉಳಿಯಲೇಬೇಕು.

ನಿಯಮಾವಳಿಯನ್ನು ಬದಲಿಸುವ ಕಾಲವನ್ನೂ ಗೊತ್ತುಮಾಡಿ. ನಮ್ಮಲ್ಲಿ ಕೊನೆಯ ರೇಸಿನ ಮರುವಾರ ಸಲಹೆಗಳನ್ನು ತೆಗೆದುಕೊಳ್ಳುತ್ತೇವೆ. ಓಟು ಹಾಕುವ ಹಕ್ಕು ಆ ವರ್ಗದಲ್ಲಿ ಕಡಿಮೆಯೆಂದರೆ ಮೂರು ದಿನ ಓಡಿದವರಿಗೆ ಮಾತ್ರ. ಸೀಸನ್ನಿನ ನಡುವೆ ಸುರಕ್ಷತೆಯ ನಿಯಮವೊಂದನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಹೊಸ ಪ್ರತಿ ನವೆಂಬರ್ ಮುಗಿಯುವುದರೊಳಗೆ ಎಲ್ಲರ ಕೈ ಸೇರುತ್ತದೆ, ಏಕೆಂದರೆ ಜನ ಎಂಜಿನ್ ಮಾರುವುದು, ಕೊಳ್ಳುವುದು, ಬಿಚ್ಚಿ ಕಟ್ಟುವುದು ಚಳಿಗಾಲದಲ್ಲಿ. ಒಂದು ಪ್ರತಿಯನ್ನು ಪ್ಲಾಸ್ಟಿಕ್ ಹೊದಿಸಿ ಮಾಪಕದ ಕಂಬಕ್ಕೆ ಕಟ್ಟಿರುತ್ತೇವೆ. ಅದರ ಪಕ್ಕದಲ್ಲಿ ಒಂದು ಸಣ್ಣ ಪೊರಕೆ, ತಟ್ಟೆಯ ಕೆಳಗಿನ ಕಲ್ಲು ಗುಡಿಸಲು.